ಹನ್ನೆರಡನೇ ಕಟ್ಟು

ಮೂರನೇ ತುಂಡು ಎಲ್ಲೂ ಕಾಣಲಿಲ್ಲ.

ಅವಳು ಹೊಲಿಗೆ ಯಂತ್ರದ ಕೆಳಗೆ ಮಂಡಿಯೂರಿ ಅಂಗೈಯಿಂದ ನೆಲವನ್ನು ಸವರುತ್ತ ಹೋದಳು. ಬಿಳಿ ತುಪ್ಪಳದ ಎಳೆಗಳು, ದಾರದ ತುಣುಕುಗಳು, ಯಾರದೋ ತಲೆಯಿಂದ ಬಿದ್ದ ಪಿನ್ನು ಕೈಗೆ ಹತ್ತಿದವು. ಸೂಜಿಯ ಮೊನೆ ಮಾತ್ರ ಸಿಗಲಿಲ್ಲ. ಸೂಜಿ ಮುರಿದು ಐದು ನಿಮಿಷವಾಗಿತ್ತು. ಬುಡದ ತುಂಡು ಇನ್ನೂ ಯಂತ್ರದಲ್ಲೇ ಕಚ್ಚಿಕೊಂಡಿತ್ತು. ನಡುವಿನದು ಮುಂದೆಯೇ ಬಿದ್ದಿತ್ತು. ಅಕ್ಕಿಕಾಳಿನಷ್ಟುದ್ದದ ಮೊನೆ ಟಕ್ಕೆಂದು ಸದ್ದು ಮಾಡಿ ಎಲ್ಲಿಗೋ ಹಾರಿಹೋಗಿತ್ತು.

ಮೇಜಿನ ಎಡಕ್ಕೆ ಹೊಲಿದು ಮುಗಿಸಿದ ಕೋಟುಗಳ ರಾಶಿ, ಬಲಕ್ಕೆ ಇನ್ನೂ ಹೊಲಿಯಬೇಕಾದವು. ಒಟ್ಟು ಮೂವತ್ತು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಆಗುವ ಅಳತೆ. ಹೆಸರಿಗಷ್ಟೇ ತುಪ್ಪಳ, ಯಾವ ಪ್ರಾಣಿಯ ಮೈಮೇಲೂ ಬೆಳೆದದ್ದಲ್ಲ, ಕಾರ್ಖಾನೆಯಲ್ಲಿ ನೂತದ್ದು. ಆದರೂ ಬೆರಳಿಟ್ಟರೆ ಎರಡನೇ ಗೆಣ್ಣಿನವರೆಗೆ ಮುಳುಗುತ್ತಿತ್ತು. ಕೋಟಿನ ಬೆನ್ನಿಗೆ ಒಂದು ಟೊಪ್ಪಿ, ಟೊಪ್ಪಿಯ ಮೇಲೆ ಕರಡಿಮರಿಯ ಎರಡು ದುಂಡನೆಯ ಕಿವಿ. ಆ ಕಿವಿಗಳನ್ನು ಕೂರಿಸುವುದೇ ಅವಳ ಕೆಲಸ. ಹೊಲಿಗೆಮನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಕರೆದಾಗ ಒಮ್ಮೆಗೇ ಓಗೊಡದಿದ್ದರೆ, "ಊರಿಗೆಲ್ಲ ಕಿವಿ ಹೊಲೀತಾಳೆ, ಇವಳಿಗೇ ಕಿವಿ ಕೇಳಲ್ಲ" ಎಂದು ನಗುತ್ತಿದ್ದರು.

ಇವತ್ತು ನಗುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹನ್ನೆರಡನೇ ಕಟ್ಟಿನವರೆಗಿನ ಚಳಿಗಾಲದ ಸರಕೆಲ್ಲ ಮೂರು ಗಂಟೆಯ ವ್ಯಾನಿಗೆ ಹೋಗಬೇಕಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಫ್ಯಾನು ಹಾಕುವಂತಿರಲಿಲ್ಲ. ಹಾಕಿದರೆ ತುಪ್ಪಳ ಹಾರಿ ಮೂಗುಬಾಯಿಗೆ ಹೋಗುತ್ತಿತ್ತು. ಹನ್ನೆರಡನೇ ಕಟ್ಟು ನಿನ್ನೆಯೇ ಮುಗಿದು ಪೆಟ್ಟಿಗೆ ಸೇರಬೇಕಾದದ್ದು. ಒಡತಿ ಬೆಳಿಗ್ಗೆ ಒಂದು ಕೋಟನ್ನು ಎತ್ತಿ ಹಿಡಿದು, "ಇದೇನು ಕರಡಿನೋ ಕತ್ತೆನೋ? ಒಂದು ಕಿವಿ ಆಕಾಶ ನೋಡ್ತಿದೆ, ಇನ್ನೊಂದು ನೆಲ ನೋಡ್ತಿದೆ" ಎಂದು ಇಡೀ ಕಟ್ಟನ್ನು ಅವಳ ಮೇಜಿನ ಮೇಲೆ ಸುರಿದಿದ್ದಳು. "ಮಧ್ಯಾಹ್ನ ಒಂದು ಗಂಟೆಯೊಳಗೆ ಎಲ್ಲಾ ಬಿಚ್ಚಿ ಹೊಲಿ. ಹೋದ ತಿಂಗಳು ತೋಳು ಉಲ್ಟಾ ಹಾಕಿದೆ, ಸುಮ್ಮನಿದ್ದೆ. ಇನ್ನೊಂದು ಸಲ ಏನಾದ್ರೂ ಆದ್ರೆ ನಾನು ಮಾತಾಡಲ್ಲ. ಬಾಗಿಲು ತೋರಿಸ್ತೀನಿ, ಅಷ್ಟೇ."

ಸೂಜಿ ಮುರಿದರೆ ಏನು ಮಾಡಬೇಕೆಂಬ ನಿಯಮ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿತ್ತು. ತುಂಡುಗಳನ್ನೆಲ್ಲ ಆರಿಸಿ ತಪಾಸಣೆಯ ಮೇಜಿಗೆ ಒಪ್ಪಿಸಬೇಕು. ಅಲ್ಲಿ ಅವನ್ನು ಜೋಡಿಸಿ ನೋಡಿ, ರಿಜಿಸ್ಟರಿಗೆ ಅಂಟಿಸಿ, ಸಹಿ ಹಾಕಿ, ಹೊಸ ಸೂಜಿ ಕೊಡುತ್ತಾರೆ. ಒಂದು ತುಂಡು ಕಡಿಮೆ ಬಿದ್ದರೂ ಇಡೀ ಕಟ್ಟು ನಿಲ್ಲುತ್ತದೆ. ಬಟ್ಟೆಯೊಳಗಿನ ಲೋಹವನ್ನು ಪತ್ತೆ ಮಾಡುವ ಯಂತ್ರವೊಂದು ಮೂಲೆಯಲ್ಲಿತ್ತು, ನಿಜ. ಆದರೆ ಕೋಟುಗಳು ಅದರ ಕೆಳಗೆ ಹಾಯುವುದು ಲೋಹದ ಟಿಚ್ ಬಟನ್ ಹೊಡೆಯುವುದಕ್ಕೆ ಮುಂಚೆ. ಹನ್ನೆರಡನೇ ಕಟ್ಟಿಗೆ ನಿನ್ನೆಯೇ ಬಟನ್ ಬಿದ್ದಾಗಿತ್ತು. ಈಗ ಯಂತ್ರಕ್ಕೆ ಕೊಟ್ಟರೆ ಪ್ರತಿ ಕೋಟಿಗೂ ಕಿರುಚಿಕೊಳ್ಳುತ್ತದೆ. ಇನ್ನುಳಿದದ್ದು ಕಣ್ಣು, ಬೆರಳು.

ಅವಳು ಕೈಯಲ್ಲಿದ್ದ ಕೋಟನ್ನು ಕೊಡವಿದಳು. ತುಪ್ಪಳವನ್ನು ಬೆರಳಿಂದ ಬಿಡಿಸಿ ಬಿಡಿಸಿ ನೋಡಿದಳು. ಎಡರಾಶಿಯನ್ನು ಎತ್ತಿ ಕೊಡವಿದಳು, ಬಲರಾಶಿಯನ್ನೂ ಕೊಡವಿದಳು. ಏನೂ ಉದುರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂವರೆ. ನೆಲಕ್ಕೇ ಬಿದ್ದಿರಬೇಕು ಅಂದುಕೊಂಡಳು. ಈಗ ತಾನೇ ಗುಡಿಸಿಕೊಂಡು ಹೋದರಲ್ಲ, ಕಸದ ಜೊತೆ ಹೋಗಿರಬೇಕು. ಹೋಗಿದೆ, ಹೋಗಿಯೇ ಇದೆ.

ಆಮೇಲೆ ತನ್ನ ತಗಡಿನ ಡಬ್ಬಿ ತೆರೆದು ಒಂದು ಕೈಸೂಜಿ ತೆಗೆದಳು. ಮಡಿಲಲ್ಲಿ ಮರೆಮಾಡಿಕೊಂಡು ಇಕ್ಕಳದಿಂದ ಅದರ ಮೊನೆಯನ್ನು ಮುರಿದಳು.

ತಪಾಸಣೆಯ ಮೇಜಿನಲ್ಲಿ ಕೂತಿದ್ದವಳು ಅವಳ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ಒಡತಿ ತನ್ನ ಮನೆಯ ಕಾರು ಶೆಡ್ಡಿನಲ್ಲಿ ಎರಡು ಯಂತ್ರ ಇಟ್ಟುಕೊಂಡು ಮಕ್ಕಳ ಟೊಪ್ಪಿ ಹೊಲಿಯುತ್ತಿದ್ದ ಕಾಲದಿಂದಲೂ ಅತ್ತಿಗೆ ಜೊತೆಗಿದ್ದವಳು. ಅವಳ ಸಹಿ ಬೀಳದೆ ಒಂದು ಕಾಲುಚೀಲವೂ ಬಾಗಿಲು ದಾಟುತ್ತಿರಲಿಲ್ಲ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ ಸದಾ ನೇತಾಡುತ್ತಿರುತ್ತಿತ್ತು. ಮಾತು ಕಡಿಮೆ. ಕಿವಿಯಮ್ಮ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಗಂಡನ ಮನೆ ಬಿಟ್ಟು ಬಂದ ದಿನ ಅತ್ತಿಗೆ ಏನೊಂದೂ ಕೇಳಿರಲಿಲ್ಲ. ಒಳಕೋಣೆಯಲ್ಲಿದ್ದ ತನ್ನ ಟ್ರಂಕುಗಳನ್ನು ಹೊರಗೆ ಎಳೆದು ಜಾಗ ಮಾಡಿಕೊಟ್ಟಿದ್ದಳು. ಎರಡು ತಿಂಗಳಾದ ಮೇಲೆ ಒಡತಿಯ ಮುಂದೆ ನಿಲ್ಲಿಸಿ, "ನನ್ನ ನಾದಿನಿ. ಕೈ ಇನ್ನೂ ಪಳಗಿಲ್ಲ. ಆದ್ರೆ ಸುಳ್ಳು ಗೊತ್ತಿಲ್ಲ" ಎಂದಿದ್ದಳು.

"ಸೂಜಿ ಮುರೀತು ಅತ್ತಿಗೆ. ಮೂರು ತುಂಡಾಯ್ತು."

ಅತ್ತಿಗೆ ಅಂಗೈ ಚಾಚಿದಳು. "ಮೂರೂ ಇದ್ಯಾ?"

"ಇದೆ."

ಅತ್ತಿಗೆಯ ಕೈ ಅಭ್ಯಾಸದಿಂದ ಭೂತಗನ್ನಡಿಯ ಕಡೆಗೆ ಹೋಯಿತು. ಅಷ್ಟರಲ್ಲಿ ಮುಂದಿನ ಹಾಲಿನಿಂದ ಮಗುವೊಂದು ಜೋರಾಗಿ ಅಳುವ ಸದ್ದು, ಅದರ ಹಿಂದೆಯೇ ಒಡತಿಯ ಕೂಗು ಬಂತು: "ಅಕ್ಕಾ, ಏಳನೇ ಕಟ್ಟಿಂದು ಚೆಕಿಂಗ್ ಆಯ್ತಾ?" ಅಂಗಡಿಯವರು ಸರಕಿನ ಜೊತೆಗೆ ಫೋಟೋಗಳನ್ನೂ ಕೇಳಿದ್ದರು. ಬೆಳಿಗ್ಗೆಯಿಂದ ಅಲ್ಲೊಬ್ಬ ಫೋಟೋಗ್ರಾಫರ್, ಅವನ ಮುಂದೆ ಯಾರದೋ ಮನೆಯಿಂದ ಕರೆತಂದ ಮಗು.

"ಆಯ್ತು, ಬಂದೆ!" ಎಂದು ಅತ್ತಿಗೆ ತುಂಡುಗಳನ್ನು ಸಾಲಾಗಿಟ್ಟು ಮೇಲೆ ಅಂಟುಪಟ್ಟಿ ಎಳೆದಳು. ಸಹಿ ಹಾಕಿ ಹೊಸ ಸೂಜಿ ಕೊಟ್ಟಳು. ಆಗಲೂ ನೋಡಿದ್ದು ಸೂಜಿಯನ್ನಲ್ಲ, ನಾದಿನಿಯ ಮುಖವನ್ನು. "ಯಾಕೇ ಹಿಂಗೆ ಬೆವರ್ತಿದೀಯ? ಬೆಳಿಗ್ಗೆ ತಿಂದ್ಯೋ ಇಲ್ವೋ?"

"ತಿಂದೆ ಅತ್ತಿಗೆ. ಸೆಕೆ."

ಒಂದು ಗಂಟೆಗೆ ಕಿವಿಗಳೆಲ್ಲ ನೆಟ್ಟಗೆ ಕೂತವು. ಬಾಚುವವರು ಹೊಲಿಗೆಗೆ ಸಿಕ್ಕ ಎಳೆಗಳನ್ನು ಹೊರಗೆಳೆದು ಬಾಚಿದರು. ಒಂದೊಂದು ಕೋಟೂ ಒಂದೊಂದು ಪ್ಲಾಸ್ಟಿಕ್ ಚೀಲ ಸೇರಿ, ಮೂವತ್ತೂ ಒಂದು ರಟ್ಟಿನ ಪೆಟ್ಟಿಗೆಗೆ ಹೋದವು. ಪೆಟ್ಟಿಗೆಯ ಮೇಲೆ 12 ಎಂದು ಬರೆದದ್ದನ್ನು ಅವಳು ತನ್ನ ಜಾಗದಿಂದಲೇ ನೋಡಿದಳು. ಊಟದ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿದಳು. ಮುಗಿಯಿತು, ಇನ್ನು ಅದರ ಬಗ್ಗೆ ಯೋಚಿಸುವುದು ಬೇಡ ಎಂದು ಹದಿಮೂರನೇ ಕಟ್ಟನ್ನು ಮುಂದಕ್ಕೆಳೆದುಕೊಂಡಳು.

ಎರಡು ಗಂಟೆ ದಾಟಿತ್ತು. ಮುಂದಿನ ಹಾಲಿನ ಅಳು ನಿಂತು, ಆ ಮಗುವಿನ ತಾಯಿ ಹೆಗಲ ಮೇಲೆ ಅದನ್ನು ತಟ್ಟುತ್ತ ಹೊರಗೆ ಹೋದದ್ದು ಕಾಣಿಸಿತು. ಮಗು ಕುಡಿದ ಹಾಲನ್ನೆಲ್ಲ ಕೋಟಿನ ಮೇಲೆ ಕಕ್ಕಿತಂತೆ. ಒಡತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. ಹೊಲಿಗೆಮನೆಯನ್ನು ಒಂದು ಸುತ್ತು ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ಅಯ್ಯೋ, ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ತಿದೀನಿ ನಾನು! ಗುಂಡಿ ಎಲ್ಲಿ?"

ಗುಂಡಿ ಎಂದರೆ ಕಿವಿಯಮ್ಮನ ಮಗಳು. ಒಂದೂವರೆ ವರ್ಷ. ಕೆಲಸದವರ ಮಕ್ಕಳಿಗೆಂದು ಹಿಂದುಗಡೆ ಇದ್ದ ಕೋಣೆಯಲ್ಲಿ ದಿನವಿಡೀ ಆಡಿಕೊಂಡಿರುತ್ತಿದ್ದಳು. ಕೆನ್ನೆಯೂ ದುಂಡಗೆ ಹೊಟ್ಟೆಯೂ ದುಂಡಗೆ ಇದ್ದದ್ದಕ್ಕೆ ಹೊಲಿಗೆಯವರೇ ಇಟ್ಟ ಹೆಸರು. ಒಡತಿ ತಾನೇ ಹೋಗಿ ಅವಳನ್ನು ಎತ್ತಿಕೊಂಡು ಬಂದಳು. ಯಂತ್ರಗಳು ಒಂದೊಂದಾಗಿ ನಿಂತವು. "ನಮ್ಮ ಗುಂಡಿ ಹೀರೋಯಿನ್ ಆಗ್ಬಿಟ್ಳು ಕಣ್ರೇ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಕಿವಿಯಮ್ಮನೂ ನಕ್ಕಳು, ಎದೆ ಹಿಗ್ಗಿ ನಕ್ಕಳು. ಮಗಳ ಮುಖ ಅಂಗಡಿ ಅಂಗಡಿಯಲ್ಲಿ ನೇತಾಡುವುದನ್ನು ನೆನೆದಳು.

ಒಡತಿ ಮಗುವನ್ನು ಎಡಗೈಯಲ್ಲಿ ಹಿಡಿದು, ಪೆಟ್ಟಿಗೆಗಳ ಸಾಲಿಗೆ ಹೋಗಿ, ಮೇಲಿದ್ದ ಪೆಟ್ಟಿಗೆಯಿಂದ ಒಂದು ಚೀಲ ಎಳೆದಳು. "ಕಿವಿಯಮ್ಮಾ, ನೋಡಿಲ್ಲಿ. ನಿನ್ನ ಮಗಳಿಗೆ ನಿನ್ನ ಹನ್ನೆರಡನೇ ಕಟ್ಟಿಂದೇ! ಈಗ ಕಿವಿ ನೆಟ್ಟಗಿದೆ, ಫೋಟೋಕ್ಕೆ ಲಾಯಕ್ಕಾಗಿದೆ."

ಅವಳು ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. "ಮೇಡಂ, ಬೇಡ ಮೇಡಂ. ಅವಳಿಗೆ ನೆಗಡಿ."

"ನೆಗಡಿ ಆದ್ರೆ ಒಳ್ಳೇದೇ ಆಯ್ತು, ಬೆಚ್ಚಗಿರ್ತಾಳೆ."

"ಅಲ್ಲ, ಫರ್ ಆಗಲ್ಲ ಅವಳಿಗೆ. ಮೈಯೆಲ್ಲ ತುರಿಕೆ ಬರುತ್ತೆ."

"ದಿನಾ ಸಂಜೆ ಮೈತುಂಬ ಇದೇ ಫರ್ ಮೆತ್ಕೊಂಡು ಹೋಗಿ ಅವಳನ್ನ ಎತ್ಕೋತೀಯ. ಇಷ್ಟು ದಿನ ಬರದ ತುರಿಕೆ ಇವತ್ತು ಮುಹೂರ್ತ ನೋಡ್ಕೊಂಡು ಬರುತ್ತಾ?" ಮತ್ತೆ ನಗು. "ನಾಚ್ಕೋತಾಳೆ ನೋಡು. ಫೋಟೋ ನಿಂದಲ್ಲ, ಮಗೂದು. ಬಾ ಬಾ."

ಹಾಲಿನಲ್ಲಿ ಗೋಡೆಯಿಂದ ನೆಲದವರೆಗೆ ಬಿಳಿ ಬಟ್ಟೆ ಇಳಿಬಿಟ್ಟಿದ್ದರು. ಎರಡೂ ಕಡೆ ದೀಪಗಳು. ನಡುವೆ ಮರದ ಆಟಿಕೆಗಳು. ಒಡತಿ ಗುಂಡಿಯನ್ನು ಮಧ್ಯೆ ಕೂರಿಸಿ ಒಂದು ತೋಳು ಹಾಕಿದಳು, ಇನ್ನೊಂದು ತೋಳು ಹಾಕಿದಳು. ಟಿಚ್ ಬಟನ್‌ಗಳು ಟಕ್ ಟಕ್ ಎಂದು ಕೂತವು. ಒಂದೊಂದು ಸದ್ದಿಗೂ ಕಿವಿಯಮ್ಮ ಕತ್ತು ಚಾಚಿ ಮಗಳ ಮುಖ ನೋಡಿದಳು. ಟೊಪ್ಪಿ ತಲೆಯ ಮೇಲೆ ಬಂತು. ಗುಂಡಿ ಎರಡೂ ಕೈ ಎತ್ತಿ ತನ್ನ ತೋಳುಗಳನ್ನು ತಾನೇ ಬೆರಗಿನಿಂದ ನೋಡಿಕೊಂಡಳು. ಕಿಲಕಿಲ ನಕ್ಕಳು.

"ಸೂಪರ್!" ಎಂದ ಫೋಟೋಗ್ರಾಫರ್. "ಅಮ್ಮ, ನೀವು ಸ್ವಲ್ಪ ಹಿಂದಕ್ಕೆ. ನೆರಳು ಬೀಳ್ತಿದೆ."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಕಣ್ಣು ಮಾತ್ರ ಮಗುವನ್ನು ಬಿಡಲಿಲ್ಲ. ಕತ್ತು. ಕಂಕುಳು. ಮಣಿಕಟ್ಟು. ಎಲ್ಲಿ ಚುಚ್ಚಿದರೂ ಮೊದಲು ಹುಬ್ಬು ಗಂಟಾಗುತ್ತದೆ, ಆಮೇಲೆ ಅಳು. ಹುಬ್ಬನ್ನೇ ನೋಡುತ್ತಿದ್ದಳು. ಫೋಟೋಗ್ರಾಫರ್ ಗಿಲಕಿ ಆಡಿಸಿದ. ಗುಂಡಿ ಅದರ ಕಡೆ ತೆವಳಿದಳು, ಮುಗ್ಗರಿಸಿ ಹೊಟ್ಟೆಯ ಮೇಲೆ ಬಿದ್ದಳು, ಮತ್ತೆ ನಗುತ್ತ ಎದ್ದು ಕೂತಳು. ಆಮೇಲೆ ಕೆನ್ನೆಯನ್ನು ತುಪ್ಪಳಕ್ಕೆ ಉಜ್ಜಿಕೊಂಡಳು. ಬೆಚ್ಚಗಿನ ನುಣುಪು ಹಿತವಾಗಿರಬೇಕು, ತೋಳಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಾಯೊಳಗೆ ತುರುಕಿ ಚೀಪತೊಡಗಿದಳು.

ಕಿವಿಯಮ್ಮ ದೀಪದ ಕಂಬಕ್ಕೆ ಎಡವಿಕೊಂಡೇ ಒಳಗೆ ನುಗ್ಗಿದಳು. ಮಗಳ ಬಾಯಿಗೆ ಬೆರಳು ಹಾಕಿ ಎಳೆಗಳನ್ನು ತೆಗೆದಳು, ನಾಲಿಗೆ ನೋಡಿದಳು, ಬಟನ್‌ಗಳನ್ನು ಕಿತ್ತೆಳೆದು ಕೋಟು ಬಿಚ್ಚಿದಳು.

"ಏನು ಮಾಡ್ತಿದೀಯ?" ಒಡತಿಗೆ ರೇಗಿತು.

"ಒದ್ದೆ ಮಾಡ್ಬಿಟ್ಳು ಮೇಡಂ. ಫೋಟೋದಲ್ಲಿ ಕಾಣುತ್ತೆ. ಬೇರೆ ತಂದೆ, ಒಂದೇ ನಿಮಿಷ."

ಉತ್ತರಕ್ಕೆ ಕಾಯದೆ ಓಡಿದಳು. ಪೆಟ್ಟಿಗೆಗಳ ಸಾಲಿನಲ್ಲಿ ಹನ್ನೆರಡು ಮೇಲೆಯೇ ಬಾಯಿ ತೆರೆದುಕೊಂಡಿತ್ತು. ಅದನ್ನು ಬದಿಗೆ ತಳ್ಳಿ, ಅದರ ಕೆಳಗಿನದನ್ನೂ ಎತ್ತಿಟ್ಟು, ಇನ್ನೂ ಕೆಳಗಿದ್ದ ಒಂಬತ್ತನೇ ಪೆಟ್ಟಿಗೆಯನ್ನು ಬಗ್ಗಿ ಎಳೆದಳು. ಅದರಲ್ಲಿದ್ದದ್ದೂ ಅದೇ ಅಳತೆಯ ಕೋಟುಗಳೇ, ಹೋದ ವಾರ ಹೊಲಿದು ಯಂತ್ರದ ಕೆಳಗೆ ಹಾಯ್ದು ಬಂದವು. ಒಂದನ್ನು ತೆಗೆದುಕೊಂಡಳು. ಬಿಚ್ಚಿದ ಕೋಟನ್ನು ಖಾಲಿ ಚೀಲಕ್ಕೆ ತುಂಬಿ ಹನ್ನೆರಡರೊಳಗೇ ಇಟ್ಟಳು.

ಹೊಸ ಕೋಟನ್ನು ಮಗಳಿಗೆ ತಾನೇ ತೊಡಿಸಿದಳು. ಗುಂಡಿ ಮತ್ತೆ ತೋಳನ್ನು ಬಾಯಿಗೆ ತುರುಕಿಕೊಂಡಳು. "ಚೀಪ್ಲಿ ಬಿಡಿ, ಮುದ್ದಾಗಿ ಬರ್ತಿದೆ" ಎಂದ ಫೋಟೋಗ್ರಾಫರ್. ಅವಳೂ "ಚೀಪ್ಲಿ ಚೀಪ್ಲಿ" ಎಂದು ನಕ್ಕಳು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಂತಾಯಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮಗಳನ್ನು ಕಣ್ತುಂಬ ನೋಡಿದಳು. ಒಡತಿ ಹತ್ತಿರ ಬಂದು, "ನೋಡು, ಸುಮ್ಮನೆ ಹೆದರಿದೆ. ಎಷ್ಟು ಚೆನ್ನಾಗಿ ಕೂತಿದಾಳೆ" ಎಂದು ಭುಜ ತಟ್ಟಿದಳು.

ಹೊರಗೆ ವ್ಯಾನಿನ ಹಾರನ್ ಕೇಳಿಸಿತು.

"ಕಿವಿ," ಎಂದು ಹಿಂದಿನಿಂದ ಯಾರೋ ಮೆಲ್ಲಗೆ ಕರೆದರು. ಅತ್ತಿಗೆ. "ಬಾ ಇಲ್ಲಿ."

ತಪಾಸಣೆಯ ಮೇಜಿನ ಮೇಲೆ ಆ ಮೊದಲ ಕೋಟು ಬಿಚ್ಚಿಟ್ಟಿತ್ತು. ಅತ್ತಿಗೆ ಅದರ ತೋಳಿನ ಅಂಚನ್ನು ಬೆರಳಿಂದ ಮುಟ್ಟಿ ನೋಡಿದಳು. "ಇದನ್ನ ಯಾಕೆ ತೆಗೆದೆ?"

"ಒದ್ದೆ ಆಯ್ತು ಅತ್ತಿಗೆ."

"ಸರಿ. ಒದ್ದೆ ಆಯ್ತು. ಹನ್ನೆರಡರಲ್ಲಿ ಇನ್ನೂ ಇಪ್ಪತ್ತೊಂಬತ್ತಿತ್ತಲ್ಲ, ಅದೂ ಮೇಲೇನೇ. ಅದನ್ನ ಪಕ್ಕಕ್ಕೆ ತಳ್ಳಿ, ಕೆಳಗಿಂದ ಒಂಬತ್ತನ್ನ ಎಳೆದ್ಯಲ್ಲ. ನಾನು ಇಲ್ಲಿಂದ ನೋಡ್ತಾನೇ ಇದ್ದೆ."

ಅತ್ತಿಗೆ ರಿಜಿಸ್ಟರ್ ತೆರೆದು, ಬೆಳಗಿನ ಪುಟಕ್ಕೆ ಬಂದು, ಭೂತಗನ್ನಡಿಯನ್ನು ಅಂಟುಪಟ್ಟಿಯ ಮೇಲೆ ಹಿಡಿದಳು. ಬಹಳ ಹೊತ್ತೇನೂ ಹಿಡಿಯಲಿಲ್ಲ.

"ಇದು ಕೈಸೂಜಿ."

"ಅತ್ತಿಗೆ, ಅದು ನೆಲಕ್ಕೆ ಬಿದ್ದಿರುತ್ತೆ. ಗುಡಿಸ್ಕೊಂಡು ಹೋಗಿರುತ್ತೆ. ನಾನು ಎಲ್ಲಾ ಕೊಡವಿ ನೋಡಿದೀನಿ, ದೇವರಾಣೆ ನೋಡಿದೀನಿ."

"ಇರಬಹುದು."

"ಇನ್ನೆಲ್ಲಿ ಹೋಗುತ್ತೆ ಹೇಳಿ?"

ಅತ್ತಿಗೆ ಪುಸ್ತಕ ಮುಚ್ಚಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಒಮ್ಮೆಗೇ ದಣಿದವಳಂತೆ ಕಾಣುತ್ತಿದ್ದಳು. "ನಾನೂ ನೋಡಲಿಲ್ಲ. ಬೇರೆ ಯಾರಾದ್ರೂ ತಂದಿದ್ರೆ ನೋಡ್ತಿದ್ದೆ. ನೀನಲ್ಲ ಅಂತ ಬಿಟ್ಟೆ." ಪುಸ್ತಕವನ್ನು ಪಕ್ಕಕ್ಕೆ ಸರಿಸಿ, "ಈಗ ನಾನು ಹೋಗಿ ಹೇಳಿದ್ರೆ, ಸ್ವಂತ ಅತ್ತಿಗೇನೇ ಹೊಟ್ಟೆ ಮೇಲೆ ಹೊಡೆದ್ಲು ಅಂತ ನೀನು ಸಾಯೋವರೆಗೂ ಅಂದ್ಕೋತೀಯ. ನಿಮ್ಮಣ್ಣನೂ ಅಂದ್ಕೋತಾರೆ. ಹೇಳದೇ ಇದ್ರೆ..." ಎಂದಳು.

ಡ್ರೈವರ್ ಒಂದೊಂದೇ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಅವರ ಮುಂದೆಯೇ ಹಾದುಹೋಗುತ್ತಿದ್ದ. ಏಳು ಹೋಯಿತು. ಒಂಬತ್ತು ಹೋಯಿತು. ಹಾಲಿನಿಂದ ಗುಂಡಿಯ ನಗು ಕೇಳಿಸುತ್ತಿತ್ತು. ಹನ್ನೆರಡು ಅವನ ಹೆಗಲೇರಿತು.

ನೆಲಕ್ಕೆ ಬಿದ್ದಿದೆ ಎಂದು ಅವಳು ಬೆಳಿಗ್ಗೆಯಿಂದ ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಅವಳ ಕೈಗಳು ಅದನ್ನು ನಂಬಿರಲಿಲ್ಲ. ಅವು ತಾವಾಗಿಯೇ ಹನ್ನೆರಡನ್ನು ತಳ್ಳಿ ಒಂಬತ್ತನ್ನು ಎಳೆದಿದ್ದವು. ಆ ಪೆಟ್ಟಿಗೆಯೊಳಗೆ ಇಪ್ಪತ್ತೊಂಬತ್ತು ಕೋಟು. ಅವನ್ನು ಬಿಚ್ಚಿ ಹಾಕುವವರು ಹುಬ್ಬನ್ನು ನೋಡುತ್ತ ನಿಲ್ಲುವುದಿಲ್ಲ. ಅವರಿಗೇನು ಗೊತ್ತು? ಮಗು ಅತ್ತರೆ ಸೆಕೆಗೆ ಅಳುತ್ತಿದೆ, ಹಸಿವಿಗೆ ಅಳುತ್ತಿದೆ, ಹೊಸ ಬಟ್ಟೆಗೆ ಅಳುತ್ತಿದೆ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಎದೆಗೆ ಒತ್ತಿಕೊಳ್ಳುತ್ತಾರೆ.

ಅವಳು ಹೊರಗೆ ಬಂದಾಗ ಡ್ರೈವರ್ ವ್ಯಾನಿನ ಬಾಗಿಲು ಎಳೆಯುತ್ತಿದ್ದ.

"ಒಂದು ಬಾಕ್ಸ್ ಇಳಿಸ್ಬೇಕು."

"ಯಾವ್ದು?"

"ಹನ್ನೆರಡು."

"ಈಗ ತಾನೇ ಹತ್ತಿಸಿದೆ ತಾಯಿ. ಅದರ ಮುಂದೆ ಇನ್ನೂ ನಾಲ್ಕಿಟ್ಟಿದೀನಿ. ಮೇಡಂ ಹೇಳಿದ್ರಾ?"

"ಇಳಿಸಿ."

"ಅಲ್ಲಮ್ಮ, ಮೇಡಂ ಹೇಳಿದ್ರಾ ಅಂತ—"

"ಇಳಿಸಿ ಅಂದ್ನಲ್ಲ!"

ಅಷ್ಟು ಜೋರಾಗಿ ಅವಳು ಆ ಅಂಗಳದಲ್ಲಿ ಎಂದೂ ಕೂಗಿರಲಿಲ್ಲ. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ಒಡತಿ ಗುಂಡಿಯನ್ನು ಎತ್ತಿಕೊಂಡೇ ಹೊರಗೆ ಬಂದಳು. "ಏನಿದು ಗಲಾಟೆ?"

"ಹನ್ನೆರಡನ್ನ ಕಳಿಸ್ಬೇಡಿ ಮೇಡಂ. ಬೆಳಿಗ್ಗೆ ಸೂಜಿ ಮುರೀತು. ಮೊನೆ ಸಿಗಲಿಲ್ಲ. ಬೇರೆ ಸೂಜೀದು ಮುರಿದು ಕೊಟ್ಟೆ. ಸುಳ್ಳು ಹೇಳಿದೆ."

ಒಡತಿಗೆ ಮೊದಲು ಅರ್ಥವಾದದ್ದು ಒಂದೇ. ಗಾಬರಿಯಿಂದ ಗುಂಡಿಯ ಮೈ ತಡವಿದಳು. "ಅಯ್ಯಯ್ಯೋ, ಅದನ್ನೇ ಮಗೂಗೆ ಹಾಕಿದ್ನಲ್ಲೇ ನಾನು! ಬಾಯಿಗೆ ಬೇರೆ..." ಅಲ್ಲಿಗೆ ನಿಂತಳು. ಗುಂಡಿಯ ಮೈಮೇಲಿದ್ದ ಕೋಟನ್ನು ನೋಡಿದಳು. ತಾಯಿಯ ಮುಖ ನೋಡಿದಳು. ನಿಧಾನವಾಗಿ ಹೇಳಿದಳು: "ನಿನ್ನ ಮಗೂದನ್ನ ತೆಗೆದೆ."

ಕಿವಿಯಮ್ಮ ತಲೆ ತಗ್ಗಿಸಿದಳು.

"ತೆಗೆದು, ಮತ್ತೆ ಪೆಟ್ಟಿಗೆಗೇ ಹಾಕಿದೆ."

"ಹೂಂ."

ಡ್ರೈವರ್ ಮುಂದಿನ ಮಾತಿಗೆ ಕಾಯಲಿಲ್ಲ. ವ್ಯಾನಿನೊಳಗೆ ಹತ್ತಿ ನಾಲ್ಕು ಪೆಟ್ಟಿಗೆ ಈಚೆಗಿಟ್ಟು ಹನ್ನೆರಡನ್ನು ಇಳಿಸಿದ.

ಕಿಟಕಿಯ ಪಕ್ಕದ ಕತ್ತರಿಸುವ ಮೇಜಿನ ಮೇಲೆ ಬಿಳಿ ಹಾಳೆ ಹಾಸಿದರು. ಒಂಬತ್ತು ಹೆಂಗಸರು ಸುತ್ತ ಕೂತರು. ಒಡತಿ ಬೈಯುತ್ತಾಳೆ ಎಂದು ಎಲ್ಲರೂ ಕಾದಿದ್ದರು. ಅವಳು ಬೈಯಲಿಲ್ಲ. ತೋಳು ಮೇಲೇರಿಸಿ ತಾನೂ ಒಂದು ಬಾಚಣಿಗೆ ತೆಗೆದುಕೊಂಡು ಕೂತಳು. ಮೊದಲು ಕೋಟನ್ನು ಹಾಳೆಯ ಮೇಲೆ ಕೊಡವುವುದು. ಆಮೇಲೆ ತುಪ್ಪಳವನ್ನು ಬೈತಲೆ ತೆಗೆದಂತೆ ಸಾಲುಸಾಲಾಗಿ ಬಿಡಿಸಿ ಬುಡ ನೋಡುವುದು. ಆಮೇಲೆ ಅಸ್ತರಿನ ಹೊಲಿಗೆ ಬಿಚ್ಚಿ ಒಳಗೆ ಕೈಯಾಡಿಸುವುದು. ಅಯಸ್ಕಾಂತದ ಬಿಲ್ಲೆಯೊಂದು ಕೈಯಿಂದ ಕೈಗೆ ಹೋಗುತ್ತಿತ್ತು.

ಗುಂಡಿಗೆ ಹಾಕಿದ್ದ ಕೋಟನ್ನು ಕಿವಿಯಮ್ಮ ತಾನೇ ತೆಗೆದುಕೊಂಡಳು. ಯಾರೂ ಬೇಡವೆನ್ನಲಿಲ್ಲ. ಒದ್ದೆಯಾದ ತೋಳಿನಿಂದ ಶುರುಮಾಡಿ ಟೊಪ್ಪಿಯ ತುದಿಯವರೆಗೆ ಬಾಚಿದಳು. ಮತ್ತೆ ಮೊದಲಿನಿಂದ ಬಾಚಿದಳು. ಏನೂ ಇರಲಿಲ್ಲ. ಅದನ್ನು ಹಾಗೇ ಹಾಕಿಸಿದ್ದರೂ ಮಗಳಿಗೆ ಏನೂ ಆಗುತ್ತಿರಲಿಲ್ಲ. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ವ್ಯಾನು ಇಷ್ಟು ಹೊತ್ತಿಗೆ ಹೆದ್ದಾರಿಯಲ್ಲಿರುತ್ತಿತ್ತು.

ಹತ್ತು ಮುಗಿಯಿತು. ಹದಿನೈದು ಮುಗಿಯಿತು. ಬಿಚ್ಚಿದ ಕೋಟುಗಳು ನೆಲದ ಮೇಲೆ ಹೊಟ್ಟೆ ತೆರೆದುಕೊಂಡು ಬಿದ್ದವು. ಡ್ರೈವರ್ ಎರಡು ಸಲ ಬಾಗಿಲಿಗೆ ಬಂದು ಗಡಿಯಾರ ನೋಡಿ ಹೋದ. ಹತ್ತೊಂಬತ್ತಕ್ಕೆ ಒಡತಿ ಬೆನ್ನು ನೆಟ್ಟಗೆ ಮಾಡಿದಳು. "ಇಲ್ಲದೇನೂ ಇರಬಹುದು, ಅಲ್ವಾ ಅಕ್ಕ?" ಎಂದಳು. ಅದರಲ್ಲಿ ಆಸೆ ಎಷ್ಟಿತ್ತೋ ಹೆದರಿಕೆಯೂ ಅಷ್ಟೇ ಇತ್ತು. ಅತ್ತಿಗೆ ಇನ್ನೊಂದು ಕೋಟು ಎಳೆದುಕೊಂಡಳು. ಕಿವಿಯಮ್ಮನಿಗೆ ಅದು ಸಿಗಲಿ ಅನ್ನಿಸಿತು. ಮರುಕ್ಷಣವೇ ಸಿಗದಿರಲಿ ಅನ್ನಿಸಿತು. ಸಿಗದಿದ್ದರೆ ಮೂವತ್ತು ಕೋಟನ್ನು ಸುಮ್ಮನೆ ಹಾಳು ಮಾಡಿಸಿದವಳಾಗುತ್ತಿದ್ದಳು. ಸಿಕ್ಕರೆ ತಾನು ಏನಾಗುತ್ತೇನೆಂಬುದನ್ನು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ.

ಇಪ್ಪತ್ತನಾಲ್ಕನೆಯದು ಅತ್ತಿಗೆಯ ಕೈಯಲ್ಲಿತ್ತು.

"ಬಂತು" ಎಂದಳು ಅತ್ತಿಗೆ.

ಟೊಪ್ಪಿಯ ಒಳಮಡಿಕೆಯಲ್ಲಿ, ಎಡಗಿವಿಯ ಬುಡಕ್ಕೆ ಎರಡು ಬೆರಳು ಕೆಳಗೆ, ಮೊನೆ ಬಟ್ಟೆಗೆ ಅರ್ಧ ಹೊಕ್ಕು ನಿಂತಿತ್ತು. ಮೇಲಿನಿಂದ ಸವರಿದರೆ ತುಪ್ಪಳವಷ್ಟೇ ಸಿಗುತ್ತಿತ್ತು. ಒಳಗೆ ಒಂದು ತಲೆಯಿದ್ದಿದ್ದರೆ ಅದರ ಕಪಾಳಕ್ಕೆ ತಾಗುವ ಜಾಗ. ಬಾಚುವ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದಳು. ಒಡತಿ ಇಕ್ಕಳದಿಂದ ಅದನ್ನು ಎಳೆದು ತನ್ನ ಅಂಗೈ ಮೇಲಿಟ್ಟುಕೊಂಡಳು. "ಇಷ್ಟೇ ಇಷ್ಟು" ಎಂದಳು.

ವ್ಯಾನು ಹನ್ನೆರಡನ್ನು ಬಿಟ್ಟು ಹೊರಟಿತು. ಒಡತಿ ಅಂಗಡಿಯವರಿಗೆ ಫೋನು ಮಾಡಿ, ಮೂವತ್ತು ಕಡಿಮೆ ಬರುತ್ತೆ, ತಪ್ಪು ನಮ್ಮದೇ ಎಂದು ಹೇಳುತ್ತಿದ್ದದ್ದು ಎಲ್ಲರಿಗೂ ಕೇಳಿಸಿತು. ಆಚೆಯವರು ಏನೆಂದರೋ, ಬಹಳ ಹೊತ್ತು ಹೂಂಗುಟ್ಟುತ್ತ ನಿಂತಿದ್ದಳು. ಫೋಟೋಗ್ರಾಫರ್ ಸಾಮಾನು ಕಟ್ಟಿಕೊಂಡು, ಗುಂಡಿಯ ಫೋಟೋಗಳನ್ನು ಏನು ಮಾಡಲಿ ಎಂದು ಕೇಳಿದ.

"ಮಗು ಏನು ಮಾಡ್ತು? ಇರಲಿ" ಎಂದಳು ಒಡತಿ. ಕ್ಯಾಮೆರಾದಲ್ಲಿ ತೋರಿಸಲು ಬಂದಾಗ ಕಿವಿಯಮ್ಮ ಮುಖ ಆಚೆ ತಿರುಗಿಸಿದಳು.

ಬಾಗಿಲು ತೋರಿಸುತ್ತಾಳೆಂದು ಅವಳು ಡಬ್ಬಿ, ಚೀಲ ಎಲ್ಲ ಎತ್ತಿಟ್ಟುಕೊಂಡಿದ್ದಳು. ಒಡತಿ ಅದನ್ನು ನೋಡಿದಳು. "ನಾಳೆಯಿಂದ ಯಂತ್ರಕ್ಕೆ ಕೂರಬೇಡ."

"ಸರಿ ಮೇಡಂ."

"ಬಾಚೋ ಮೇಜಿಗೆ ಹೋಗು. ಎಷ್ಟು ದಿನ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ. ಇವತ್ತು ಬೇರೆ ಏನೂ ಹೇಳಲ್ಲ ನಿಂಗೆ. ಹೇಳಿದ್ರೆ ಬಾಯಿಗೆ ಬಂದಿದ್ದೆಲ್ಲ ಹೇಳ್ತೀನಿ." ಆಮೇಲೆ ಅತ್ತಿಗೆಯ ಕಡೆ ತಿರುಗಿದಳು. ಅವಳ ಮುಂದೆ ಮಾತು ಅಷ್ಟು ಸುಲಭವಾಗಿ ಬರಲಿಲ್ಲ. "ಅಕ್ಕ, ರಿಜಿಸ್ಟರು... ಸ್ವಲ್ಪ ದಿನ ನನ್ನ ಹತ್ರ ಇರಲಿ."

"ಇರಲಿ" ಎಂದಳು ಅತ್ತಿಗೆ. ಪುಸ್ತಕ ಕೊಟ್ಟಳು. ಒಡತಿ ಕೇಳಿರದಿದ್ದರೂ ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು ಭೂತಗನ್ನಡಿಯನ್ನು ಅದರ ಮೇಲಿಟ್ಟಳು.

ಸಂಜೆ ಇಬ್ಬರೂ ಎಂದಿನಂತೆ ಒಟ್ಟಿಗೇ ಹೊರಟರು. ಆದರೆ ಅತ್ತಿಗೆ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಬೆವರಿನಲ್ಲಿ ನೆಂದ ಗುಂಡಿ ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಬೇಕರಿ ದಾಟಿದರು, ಔಷಧಿ ಅಂಗಡಿ ದಾಟಿದರು. ದಿನವೂ ಇಲ್ಲಿಗೆ ಬರುವಷ್ಟರಲ್ಲಿ ಮನೆಗೆ ಏನು ತರಕಾರಿ ಎಂಬ ಮಾತು ಶುರುವಾಗುತ್ತಿತ್ತು.

"ಅತ್ತಿಗೆ."

"ಈಗ ಬೇಡ."

"ಅಣ್ಣನಿಗೆ ನಾನೇ ಹೇಳ್ತೀನಿ."

"ಹೇಳು. ಆದ್ರೆ ಈಗ ನನ್ನ ಹತ್ರ ಮಾತಾಡ್ಬೇಡ ಅಂದೆ."

ದೊಡ್ಡ ರಸ್ತೆ ಬಂತು. ಕೆಲಸ ಬಿಟ್ಟ ಹೊತ್ತು. ಬಸ್ಸು, ಲಾರಿ, ಬೈಕುಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಅತ್ತಿಗೆ ಅಂಚಿನಲ್ಲಿ ನಿಂತಳು. ನಡುವೆ ಒಮ್ಮೆ ರಸ್ತೆ ಖಾಲಿಯಾದರೂ ದಾಟಲಿಲ್ಲ. ಕಿವಿಯಮ್ಮ ಬಂದು ಪಕ್ಕದಲ್ಲಿ ನಿಂತ ಮೇಲೆ, ಅತ್ತಿಗೆ ಅವಳ ಮುಖ ನೋಡದೆ, ಅವಳ ಹಿಂದಿನಿಂದ ಹಾದು ವಾಹನಗಳು ಬರುವ ಕಡೆಗೆ ಬಂದು ನಿಂತಳು. ಒಂದು ಲಾರಿ ಹೋಗಲೆಂದು ಕಾದರು. ಆಮೇಲೆ ಇಬ್ಬರೂ ಒಂದೇ ಸಲ ರಸ್ತೆಗೆ ಕಾಲಿಟ್ಟರು.